ಎರಡು ತಾಸಿನ ಮುಯ್ಯಿ

ಕರಿಯಕ್ಕನ ಸಹಿ ನೋಡಿಕೊಂಡೇ ಉಳಿದ ನಲವತ್ತೊಂದು ಜನ ಹೆಂಗಸರು ಆ ಕಾಗದಕ್ಕೆ ಸಹಿ ಹಾಕಿದ್ದು, ಹೆಬ್ಬೆಟ್ಟು ಒತ್ತಿದ್ದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಆದದ್ದಕ್ಕೆಲ್ಲ ಅದೇ ಬುಡ. ಕರಿಯಕ್ಕನೂ ಅದನ್ನು ಇಲ್ಲ ಎನ್ನುವುದಿಲ್ಲ. ತಾನು ಮಾಡಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಜಾಯಮಾನ ಅವಳದಲ್ಲ.

ಜಗಳೂರಿನಿಂದ ದಾವಣಗೆರೆಗೆ ಹೋಗುವ ದಾರಿಯಲ್ಲಿ, ಊರುಗಳಿಂದ ದೂರ, ಬಯಲಿನಲ್ಲಿ ಒಂದು ಗಾರ್ಮೆಂಟ್ಸ್ ಇದೆ. ಆರು ವರ್ಷದ ಹಿಂದೆ ಅದು ಶುರುವಾದಾಗ ಸೊಕ್ಕೆ ಕಡೆಯ ಹಟ್ಟಿಗಳಿಂದ ಯಾರೂ ಹೋಗಲು ತಯಾರಿರಲಿಲ್ಲ. ಹೆಂಗಸರನ್ನು ಒಳಗೆ ಹಾಕಿ ಬೀಗ ಜಡಿಯುತ್ತಾರೆ ಎಂದು ಸುದ್ದಿ ಇತ್ತು. ಮೊದಲು ಹೋದವಳು ಕರಿಯಕ್ಕ. ಅವಳ ಗಂಡ ದುರುಗಪ್ಪ ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುವವನು, ವರ್ಷಕ್ಕೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಮನೆಯಲ್ಲಿ ಓದುವ ಮಗಳು. ಇದ್ದ ಎರಡು ಎಕರೆ ಮಳೆ ನಂಬಿದ್ದು. ಹೋಗದೆ ಏನು ಮಾಡಿಯಾಳು? ತಿಂಗಳಾದ ಮೇಲೆ ಹಟ್ಟಿಯ ಹೆಂಗಸರನ್ನು ಕೂಡಿಸಿಕೊಂಡು, "ಬೀಗ ಹಾಕ್ತಾರೆ, ಸುಳ್ಳಲ್ಲ. ಸಂಜಿಕೆ ತೆಗೀತಾರೆ. ಬರ್ರಿ," ಎಂದಳು. ಆ ಮಾತಿಗೆ ಮೊದಲು ಏಳು ಜನ ಬಂದರು, ಆಮೇಲೆ ಇಪ್ಪತ್ತು, ಈಗ ಅವಳೂ ಸೇರಿ ನಲವತ್ತೆರಡು. ಕಂಪನಿ ಬಸ್ಸಿನ ಡ್ರೈವರ್ ಅದನ್ನು ಕರಿಯಕ್ಕನ ಬಸ್ಸು ಎಂದೇ ಕರೆಯುತ್ತಿದ್ದ.

ಅವಳದು ಇಸ್ತ್ರಿ ಕೆಲಸ. ಹೊಲಿದ ಅಂಗಿ ಕೊನೆಗೆ ಅವಳ ಟೇಬಲ್ಲಿಗೆ ಬರುತ್ತದೆ. ಕಾಲರು, ಕಫು, ಬೆನ್ನು, ಎದೆ. ಒಂದೂವರೆ ನಿಮಿಷಕ್ಕೆ ಒಂದು ಅಂಗಿ. ಬಿಸಿ ಆವಿ ಮುಖಕ್ಕೇ ಹೊಡೆಯುತ್ತದೆ. ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ, ಉಣ್ಣುವ ಅರ್ಧ ತಾಸು ಬಿಟ್ಟರೆ, ನಿಂತೇ ಇರಬೇಕು. ಒಂದು ಸ್ಟೂಲು ಕೊಡಿ ಎಂದು ಕೇಳಿದ್ದಕ್ಕೆ ಸೂಪರ್‌ವೈಸರ್ ಮಾಲತೇಶ್, "ಕುಂತ್ಕಂಡು ಇಸ್ತ್ರಿ ಮಾಡೋರನ್ನ ಎಲ್ಲಾರ ನೋಡೀಯೇನಮ್ಮ?" ಎಂದು ನಕ್ಕಿದ್ದ. ಉಚ್ಚೆಗೆ ಹೋಗಬೇಕಾದರೆ ಅವನ ಹತ್ತಿರವೇ ಒಂದು ಕಾರ್ಡು ಇಸಿದುಕೊಳ್ಳಬೇಕು. ಇಡೀ ಸಾಲಿಗೆ ಎರಡೇ ಕಾರ್ಡು. ಅದಕ್ಕೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಉರಿಮೂತ್ರ ಕಾಣದ ಹೆಂಗಸು ಆ ಬಸ್ಸಿನಲ್ಲಿ ಒಬ್ಬಳೂ ಇರಲಿಲ್ಲ.

ಕರಿಯಕ್ಕನ ಬಲಗೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳು. ಹಿಮ್ಮಡಿ ಎರಡೂ ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಆದರೂ ಸೈರಿಸಿಕೊಂಡಿದ್ದಳು. ಯಾಕೆಂದರೆ ಐದಕ್ಕೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದ ಮೇಲೆ ಮಾಲತೇಶ್ ಇರಲಿ, ಅವನಪ್ಪ ಬಂದರೂ ಒಂದು ಅಂಗಿ ಮುಟ್ಟಿಸುವ ಹಾಗಿಲ್ಲ. ಅದು ಕಾನೂನು. ಆ ಕಾನೂನನ್ನು ಯಾರು ಮಾಡಿದರೋ, ಯಾವಾಗ ಮಾಡಿದರೋ ಅವಳಿಗೆ ಗೊತ್ತಿಲ್ಲ. ಮಾಡಿದ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ ಎಂದುಕೊಳ್ಳುತ್ತಿದ್ದಳು. ಆ ಕಾನೂನಿಗೆ ಬೆನ್ನು ಆನಿಸಿಕೊಂಡೇ ಅವಳು ಮಗಳನ್ನು ಬಿ.ಕಾಂ. ಮಾಡಿಸಿದ್ದು.

ಈಗ ಮುಯ್ಯಿಯ ಮಾತು. ಆಳಿಗೆ ಕೂಲಿ ಕೊಡುವ ಶಕ್ತಿ ಇಲ್ಲದವರು ನಮ್ಮ ಕಡೆ ಮುಯ್ಯಾಳು ಮಾಡಿಕೊಳ್ಳುತ್ತಾರೆ. ಇವತ್ತು ನಿನ್ನ ಹೊಲಕ್ಕೆ ನಾನು ಕಳೆ ತೆಗೆಯಲು ಬರುತ್ತೇನೆ, ನಾಡಿದ್ದು ನನ್ನ ಹೊಲಕ್ಕೆ ನೀನು ಬಾ. ಇದಕ್ಕೆ ಚೀಟಿ ಇಲ್ಲ, ಸಾಕ್ಷಿ ಇಲ್ಲ. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ, ಪಡೆದವರು ಮರೆಯುವಂತಿಲ್ಲ. ತೀರಿಸದೆ ಸತ್ತರೆ ಮಕ್ಕಳು ತೀರಿಸುತ್ತಾರೆ. ಕರಿಯಕ್ಕ ತನ್ನ ಅವ್ವನ ದಿನ ಮುಗಿಸಿ ಮೊದಲು ಮಾಡಿದ ಕೆಲಸವೆಂದರೆ ಪಕ್ಕದ ಮನೆ ಅಜ್ಜಮ್ಮನ ಹೊಲದಲ್ಲಿ ಮೂರು ದಿನ ಮೆಕ್ಕೆಜೋಳ ಮುರಿದದ್ದು. ಅವ್ವ ಉಳಿಸಿಹೋದ ಮುಯ್ಯಿ ಅದು. ಅಜ್ಜಮ್ಮ ಬೇಡ ಅಂದಳು. ಇವಳು ಕೇಳಲಿಲ್ಲ.

ಮಾಘದಲ್ಲಿ ಗಾರ್ಮೆಂಟ್ಸಿಗೆ ಹೊರದೇಶದ ದೊಡ್ಡ ಆರ್ಡರ್ ಬಂತು. ಒಂದು ದಿನ ಐದಕ್ಕೆ ಇನ್ನೇನು ಹತ್ತು ನಿಮಿಷ ಇದೆ ಎನ್ನುವಾಗ ಮ್ಯಾನೇಜರ್ ವಿನಯ್ ಕುಮಾರ್ ಗಾಜಿನ ರೂಮು ಬಿಟ್ಟು ಕೆಳಗಿಳಿದು ಬಂದ. ಆಳುಗಳನ್ನು ಸೇರಿಸಿಕೊಳ್ಳುವುದು, ತೆಗೆಯುವುದು ಎಲ್ಲ ಅವನ ಕೈಯಲ್ಲೇ. ಹೆಂಗಸರನ್ನು ಹೆಸರು ಹಿಡಿದು ಕರೆದವನಲ್ಲ, ಹಾಜರಿ ಕಾರ್ಡಿನ ನಂಬರ್ ಹಿಡಿದು ಕರೆಯುವವನು. ಅವತ್ತು ಬಟ್ಟೆ ಮೂಟೆಯ ಮೇಲೆ ಕೂತು ಕೈ ಮುಗಿದ.

"ಅಕ್ಕಾರೆ, ಕಷ್ಟ ಅಂತ ಬಂದೀನಿ. ದಿನಾ ಎರಡು ತಾಸು ನಮಗೆ ಮುಯ್ಯಿ ಬರ್ತೀರೇನು?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬೂಟು ಹಾಕಿಕೊಂಡವನ ಬಾಯಲ್ಲಿ ಮುಯ್ಯಿ! ಅಜ್ಜಮ್ಮನಂತೂ ಸೆರಗು ಬಾಯಿಗೆ ಇಟ್ಟುಕೊಂಡು ಕುಲುಕಿ ಕುಲುಕಿ ನಕ್ಕಳು. ಅವಳು ದಾರ ಕತ್ತರಿಸುವವಳು, ಕಣ್ಣು ಮಂಜು, ನಾಲಿಗೆ ಮಾತ್ರ ಹರಿತ.

"ಅಲ್ಲ ಸರ್, ಮುಯ್ಯಿ ಅಂದ್ರೆ ನೀವೂ ತಿರುಗಿ ಬರಬೇಕಲ್ಲ," ಎಂದಳು ಕರಿಯಕ್ಕ. "ಬಂದು ಹೊಲ್ದಾಗೆ ಕಳೆ ಕೀಳ್ತೀರಾ?"

"ಮುಂಗಾರು ಬಿತ್ತಾಕೆ ನಿಮಗೆ ಆರು ದಿನ ರಜೆ ಬೇಕು ಅಂತ ವರ್ಷ ವರ್ಷ ಕೇಳ್ತೀರಲ್ಲ, ಕೊಡ್ತೀವಿ. ಸಂಬಳ ಹಿಡಿಯಲ್ಲ. ಅದೇ ನಮ್ಮ ಮುಯ್ಯಿ."

ಬಿತ್ತನೆಗೆ ರಜೆ! ಹದ ಇದ್ದಾಗ ಬಿತ್ತಬೇಕು, ಹದ ಯಾರಿಗೂ ಕಾಯುವುದಿಲ್ಲ. ಹೋದ ವರ್ಷ ರಜೆ ಹಾಕಿದ ಮೂವರನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಹೆಂಗಸರು ಕರಿಯಕ್ಕನ ಮುಖ ನೋಡಿದರು. ಅವಳು ಮೇಲೆ ನೋಡಿದಳು. ಗಾಜಿನ ರೂಮಿನ ಬಾಗಿಲಲ್ಲಿ ಮಗಳು ಅರುಣಾ ನಿಂತಿದ್ದಳು. ನಾಲ್ಕು ತಿಂಗಳ ಹಿಂದೆಯಷ್ಟೇ ಅದೇ ಕಂಪನಿಯ ಆಫೀಸಿಗೆ ಸೇರಿದ್ದಳು. ಇಸ್ತ್ರಿ ಮಾಡುವವಳ ಮಗಳು ಕಂಪ್ಯೂಟರ್ ಮುಂದೆ ಕುರ್ಚಿಯ ಮೇಲೆ ಕೂರುತ್ತಾಳೆ ಎಂಬುದು ಸಣ್ಣ ಮಾತೇ? ಹಟ್ಟಿಯಲ್ಲಿ ಅವಳೊಬ್ಬಳೇ. ಅರುಣಾ ಹೂಂ ಎಂದು ತಲೆ ಆಡಿಸಿದಳು.

"ಆತು ಬಿಡ್ರಿ," ಎಂದಳು ಕರಿಯಕ್ಕ. "ಬರ್ತೀವಿ."

ಇಪ್ಪತ್ತಾರು ದಿನ ಮುಯ್ಯಿ ಹೋದರು. ಐದರ ಗಂಟೆ ಹೊಡೆಯುತ್ತಿತ್ತು, ಯಾರೂ ಕದಲುತ್ತಿರಲಿಲ್ಲ. ಏಳಕ್ಕೆ ಬಿಟ್ಟಾಗ ಕಾಲು ಮರಗಟ್ಟಿರುತ್ತಿದ್ದವು. ಬಸ್ಸಿನ ಮೆಟ್ಟಿಲು ಹತ್ತಲು ಒಬ್ಬರ ಸೊಂಟ ಒಬ್ಬರು ಹಿಡಿದು ತಳ್ಳಬೇಕಾಗುತ್ತಿತ್ತು. ಹತ್ತೊಂಬತ್ತನೇ ದಿನ ಅನಿತಾ ಎಂಬ ಬಸುರಿ ಮಿಷನ್ ಮುಂದೆಯೇ ಕುಸಿದಳು. ನಾಲ್ಕು ತಿಂಗಳದ್ದು ಇಳಿದುಹೋಯಿತು. ಯಾಕೆ ಹೋಯಿತು ಎಂದು ಯಾರು ಹೇಳುವವರು? ಅವಳ ಅತ್ತೆ ಸೊಸೆಯ ಹಣೆಬರಹ ಎಂದಳು. ಮಾಲತೇಶ್ ಮೊದಲೇ ಹೇಳಬೇಕಿತ್ತು ಎಂದ. ಕರಿಯಕ್ಕನಿಗೆ ಎರಡು ದಿನ ಅನ್ನ ಸೇರಲಿಲ್ಲ, ಆದರೂ ಐದರ ಗಂಟೆಗೆ ಟೇಬಲ್ಲು ಬಿಡಲಿಲ್ಲ. ಕೊಟ್ಟ ಮಾತು. ಅರ್ಧಕ್ಕೆ ಬಿಟ್ಟರೆ ಮುಯ್ಯಿ ಎನಿಸುತ್ತದೆಯೇ?

ಆರ್ಡರ್ ಮುಗಿದ ವಾರಕ್ಕೆ ಅರುಣಾ ಮೂರು ಹಾಳೆಯ ಒಂದು ಕಾಗದ ಹಿಡಿದುಕೊಂಡು ಊಟದ ಹೊತ್ತಿಗೆ ಕೆಳಗೆ ಬಂದಳು. ಹೆಂಗಸರು ಡಬ್ಬಿ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದರು.

"ನೀವು ಮುಯ್ಯಿ ಬಂದಿದ್ದಕ್ಕೆ ಕಂಪನಿ ಕಾಗದ ಮಾಡೈತೆ," ಎಂದಳು. "ಓದ್ತೀನಿ, ಕೇಳ್ರಿ." ಓದಿದಳು. ಸೊಕ್ಕೆ ಕಡೆಯ ನಲವತ್ತೆರಡು ಜನ ಇಪ್ಪತ್ತಾರು ದಿನ ದಿನಕ್ಕೆ ಎರಡು ತಾಸು ಮುಯ್ಯಿ ಕೊಟ್ಟಿದ್ದಾರೆ, ಇದಕ್ಕೆ ಬದಲಾಗಿ ಬಿತ್ತನೆಯಲ್ಲಿ ಆರು ದಿನ ರಜೆ ಕೊಡುವುದು ಎಂದು ಓದಿದಳು. ಒಳ್ಳೆಯ ಧ್ವನಿ ಅವಳದು. ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ಭಾಷಣ ಮಾಡಿ ಬಹುಮಾನ ತಂದವಳು.

ಆ ನಲವತ್ತೆರಡು ಜನರಲ್ಲಿ ಓದಲು ಬರುವವರು ಹತ್ತು ಜನವಾದರೂ ಇದ್ದರು. ಅವರು ಯಾರೂ ಕಾಗದ ಇಸಿದುಕೊಂಡು ನೋಡಲಿಲ್ಲ. ಕರಿಯಕ್ಕನ ಮಗಳು ಓದಿದ್ದನ್ನು ಇನ್ನೊಬ್ಬರು ಓದಿ ನೋಡುವುದೆಂದರೆ ಕರಿಯಕ್ಕನ ಮುಖಕ್ಕೆ ಉಗಿದ ಹಾಗೆ. ಮುಯ್ಯಿಗೆ ಕಾಗದ ಮಾಡಿಸಿಕೊಳ್ಳುವುದೇ ನಾಚಿಕೆ, ಇನ್ನು ಅದನ್ನು ಪರೀಕ್ಷೆ ಬೇರೆ ಮಾಡುವುದೇ? ಕರಿಯಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಮೊದಲನೇ ಸಹಿ ಹಾಕಿದಳು. ಅವಳಿಗೆ ಬರೆಯಲು ಬರುವುದು ತನ್ನ ಹೆಸರು ಮಾತ್ರ. ಅದನ್ನು ಕಲಿಸಿದವಳು ಅರುಣಾನೇ, ಎರಡನೇ ಕ್ಲಾಸಿನಲ್ಲಿದ್ದಾಗ, ತನ್ನ ಸ್ಲೇಟಿನ ಮೇಲೆ. ಅಜ್ಜಮ್ಮ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಳ್ಳುತ್ತ, "ನೀನ್ ಓದಿದ್ಮೇಲೆ ಮುಗೀತು ಬಿಡು ಮಗಾ, ದೇವ್ರು ಓದಿದಂಗೆ," ಎಂದಳು. ಅರುಣಾ ತಲೆ ತಗ್ಗಿಸಿಕೊಂಡು ಹಾಳೆ ತಿರುವಿದಳು.

ಮೇ ತಿಂಗಳ ಕೊನೆಗೆ ಇನ್ನೊಂದು ಸುದ್ದಿ ಬಂತು. ಕಂಪನಿಯವರು ಮುಯ್ಯಿ ಕೊಟ್ಟ ಹೆಂಗಸರನ್ನು ಒಂದು ದಿನ ಸೂಳೆಕೆರೆ ನೋಡಲು ಕರೆದುಕೊಂಡು ಹೋಗುತ್ತಾರಂತೆ. ಊಟ ಅವರದೇ, ಸಂಬಳವೂ ಉಂಟು. ಸೊಕ್ಕೆ ಕಡೆಯ ಹೆಂಗಸರು ಅಷ್ಟು ನೀರನ್ನು ಕಂಡವರಲ್ಲ. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡುವ ಜನಕ್ಕೆ ಕಣ್ಣಿಗೆ ಎಟುಕದಷ್ಟು ನೀರು ಎಂದರೆ ಹೆಂಗಿರಬೇಡ! ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು, ಹೂ ಮುಡಿದುಕೊಂಡು ಬೆಳಗ್ಗೆ ಆರಕ್ಕೆಲ್ಲ ಬಸ್ಸು ಹತ್ತಿದರು. ದಾರಿ ತುಂಬ ಹಾಡು, ಗೇಲಿ. ಕರಿಯಕ್ಕನನ್ನು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ನೀನು ಮಾತು ಕೊಟ್ಟದ್ದಕ್ಕೆ ತಾನೆ ಇದೆಲ್ಲ ಎಂದರು. ಅವಳಿಗೂ ಒಳಗೊಳಗೇ ಹಿಗ್ಗು.

ಬಸ್ಸು ಕೆರೆಯ ಕಡೆ ತಿರುಗಲಿಲ್ಲ. ನೇರ ಚನ್ನಗಿರಿಗೆ ಹೋಗಿ ಒಂದು ದೊಡ್ಡ ಸಮುದಾಯ ಭವನದ ಮುಂದೆ ನಿಂತಿತು. ವಿನಯ್ ಕುಮಾರ್ ಆಗಲೇ ಕಾರಿನಲ್ಲಿ ಬಂದು ಕಾದಿದ್ದ.

"ಸಣ್ಣದೊಂದು ಪ್ರೋಗ್ರಾಂ ಐತೆ ಅಕ್ಕಾರೆ. ಒಂದು ತಾಸು ಕೂತ್ಕೊಳ್ರಿ. ಊಟ ಇಲ್ಲೇ. ಆಮೇಲೆ ಕೆರೆ."

ಒಳಗೆ ಹೋಗುವಾಗ ಒಬ್ಬೊಬ್ಬರ ಸೀರೆಗೂ ಒಂದು ಹಳದಿ ಬ್ಯಾಡ್ಜು ಚುಚ್ಚಿದರು. ಅನಿತಾ ಬಗ್ಗಿ ತನ್ನದನ್ನು ಓದಿಕೊಂಡಳು. "ಕಾರ್ಮಿಕ ಪ್ರತಿನಿಧಿ ಅಂತ ಐತೆ ಕಣಕ್ಕ," ಎಂದಳು. ವೇದಿಕೆಯ ಹಿಂದಿನ ಬ್ಯಾನರನ್ನೂ ಓದಿದಳು. ಕಾರ್ಮಿಕ ಕಾನೂನು ಬದಲಾವಣೆ ಮತ್ತು ಉದ್ಯೋಗ ಸೃಷ್ಟಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸಾರ್ವಜನಿಕ ಅಭಿಪ್ರಾಯ ಸಭೆ. ವೇದಿಕೆಯ ಮೇಲೆ ಒಬ್ಬ ದೊಡ್ಡ ಅಧಿಕಾರಿ, ಪಕ್ಕದಲ್ಲಿ ನಾಲ್ಕಾರು ಮಾಲೀಕರು. ಅವರ ಹಿಂದೆ ಫೈಲು ಹಿಡಿದು ಅರುಣಾ ನಿಂತಿದ್ದಳು. ಹೊಸ ಚೂಡಿದಾರ್. ಬೆಳಗ್ಗೆ ಬೇಗ ಹೋಗಬೇಕು ಎಂದು ಹೇಳಿದ್ದಳೇ ಹೊರತು ಇಲ್ಲಿಗೆ ಎಂದು ಹೇಳಿರಲಿಲ್ಲ. ಕರಿಯಕ್ಕ ಕೈ ಎತ್ತಿ ತೋರಿಸಿದಳು. ಮಗಳು ಈ ಕಡೆ ನೋಡಲಿಲ್ಲ.

ಸಾರ್ವಜನಿಕರು ಅಭಿಪ್ರಾಯ ಹೇಳಿದರು. ಯಾರು ಆ ಸಾರ್ವಜನಿಕರು? ಅಕ್ಕಿ ಗಿರಣಿಯವರು, ಕಲ್ಲು ಕ್ವಾರಿಯವರು, ಅಡಿಕೆ ಮಂಡಿಯವರು. ಆಳುವವರೆಲ್ಲ ಎದ್ದು ಆಳುಗಳ ವಿಚಾರ ಮಾತಾಡಿದರು. ಬಸವಾಪಟ್ಟಣದ ಅಡಿಕೆ ವ್ಯಾಪಾರಿ ವಿರೂಪಾಕ್ಷಪ್ಪ, ವಯಸ್ಸಾದ ಮನುಷ್ಯ, ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮೈಕು ಹಿಡಿದುಕೊಂಡು ಜೋರಾಗಿಯೇ ಹೇಳಿದ:

"ನಮ್ಮಪ್ಪನ ಕಾಲ್ದಾಗೆ ಆಳುಗಳು ಹೊತ್ತು ಹುಟ್ಟಾಕೆ ಮುಂಚೆ ಬರ್ತಿದ್ರು, ಮುಳುಗಿದ್ಮೇಲೆ ಹೋಗ್ತಿದ್ರು. ಅವಾಗ ಯಾವ ಕಾನೂನಿತ್ತು? ಯಾರಾರ ಸತ್ರಾ? ಈಗ ಎಂಟು ತಾಸಂತೆ, ರೆಸ್ಟಂತೆ. ಹಿಂಗಾದ್ರೆ ಯಾವನು ಬಂದು ಫ್ಯಾಕ್ಟರಿ ಹಾಕ್ತಾನ್ರಿ? ನಮ್ಮ ಹುಡುಗ್ರಿಗೆ ಕೆಲಸ ಎಲ್ಲಿಂದ ಬರತೈತೆ?"

ಚಪ್ಪಾಳೆಯೋ ಚಪ್ಪಾಳೆ. ಯಾರಾದರೂ ಸತ್ತರೇ ಎಂದು ಕೇಳಿದ. ಸತ್ತವರು ಸಭೆಗೆ ಬಂದಿರಲಿಲ್ಲ.

ಆಮೇಲೆ ವಿನಯ್ ಕುಮಾರ್ ಎದ್ದ. "ಮಾಲೀಕರ ಅಭಿಪ್ರಾಯ ಕೇಳಿದಿರಿ. ಕಾರ್ಮಿಕರ ಅಭಿಪ್ರಾಯ ಏನು? ನಮ್ಮ ಹೆಣ್ಣುಮಕ್ಕಳು ಇಲ್ಲೇ ಕೂತಿದ್ದಾರೆ. ಇವರು ಮಾಘ ಮಾಸದಲ್ಲಿ ಇಪ್ಪತ್ತಾರು ದಿನ, ದಿನಕ್ಕೆ ಹತ್ತು ತಾಸು, ಒಂದು ಪೈಸೆ ಹೆಚ್ಚಿಗೆ ಕೇಳದೆ ಕೆಲಸ ಮಾಡಿದ್ದಾರೆ. ಹೇಗೆ ಮಾಡಿಸಿದಿರಿ ಅಂತ ಬೆಂಗಳೂರಿನಿಂದ ನನಗೆ ಫೋನು ಬಂತು. ಸರ್, ಇದರ ಕ್ರೆಡಿಟ್ ನಮ್ಮ ಆಫೀಸಿನ ಈ ಹುಡುಗಿಗೆ ಹೋಗಬೇಕು. ಇವರಲ್ಲಿ ಮುಯ್ಯಿ ಅಂತ ಒಂದು ಪದ್ಧತಿ ಇದೆ ಸರ್, ಮುಯ್ಯಿ ಅಂತ ಕೇಳಿದರೆ ಇಲ್ಲ ಅನ್ನೋದೇ ಇಲ್ಲ ಅಂತ ಹೇಳಿಕೊಟ್ಟವಳು ಇವಳೇ." ಸಭೆ ನಕ್ಕಿತು. ಅಧಿಕಾರಿಯೂ ನಕ್ಕ. "ಹತ್ತು ತಾಸು ಮಾಡುವವರಿಗೆ ಹೊಸ ಕಾನೂನಿನ ಹನ್ನೆರಡು ತಾಸು ಭಾರವೇ? ಅವರೇ ಬರೆದುಕೊಟ್ಟಿದ್ದಾರೆ. ಅರುಣಾ, ಓದಮ್ಮ."

ಅರುಣಾ ಹಿಂದೆ ಸರಿದಳು. ಈ ಕಾಗದ ಫೈಲಿಗೆ ಮಾತ್ರ ಎಂದು ಅವಳಿಗೆ ಹೇಳಿದ್ದರು. ವಿನಯ್ ಕುಮಾರ್ ಮೈಕು ಅವಳ ಕೈಗೇ ಇಟ್ಟ. ಅವಳು ಓದಿದಳು. ಅದೇ ಮೂರು ಹಾಳೆ.

"ದಿನಕ್ಕೆ ಹನ್ನೆರಡು ತಾಸಿನವರೆಗೆ, ಹಾಗೂ ಅಗತ್ಯವಿದ್ದಲ್ಲಿ ರಾತ್ರಿ ಪಾಳಿಯಲ್ಲಿಯೂ ಕೆಲಸ ನಿರ್ವಹಿಸಲು ನಾವು ಸ್ವಇಚ್ಛೆಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಒಪ್ಪಿಗೆ ನೀಡಿರುತ್ತೇವೆ. ಕಾನೂನಿನ ಈ ಬದಲಾವಣೆಯಿಂದ ನಮ್ಮ ಭಾಗದಲ್ಲಿ ಉದ್ಯೋಗ ಹೆಚ್ಚುವುದೆಂದು ನಂಬಿ ಇದನ್ನು ಸ್ವಾಗತಿಸುತ್ತೇವೆ."

ಕರಿಯಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಇದು ಬೇರೆ ಯಾರದೋ ಕಾಗದ ಎಂದುಕೊಂಡಳು. ಅರುಣಾ ಹೆಸರುಗಳನ್ನು ಓದತೊಡಗಿದಳು. ಮೊದಲನೇ ಹೆಸರು, ಕರಿಯಕ್ಕ. ಎರಡನೆಯದು, ಅಜ್ಜಮ್ಮ. ಮೂರನೆಯದು, ಅನಿತಾ.

ಸಾಲಿನಲ್ಲಿ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕರಿಯಕ್ಕನ ಕಡೆ ತಿರುಗಿದರು. ಅನಿತಾ ಸೀಟು ಬಿಟ್ಟೆದ್ದು ಹಿಂದಿನ ಸಾಲಿಗೆ ಹೋಗಿ ಕೂತಳು. ಅಜ್ಜಮ್ಮ ಮಂಜುಗಣ್ಣನ್ನು ಕಿರಿದು ಮಾಡಿಕೊಂಡು ಕರಿಯಕ್ಕನ ಮುಖದ ಹತ್ತಿರಕ್ಕೇ ಬಂದಳು.

"ಮಗಳ ಕುರ್ಚಿಗೆ ನಮ್ಮನ್ನ ಕಾಲು ಮಾಡಿ ಹಾಕಿದ್ಯೇನೇ ಕರಿಯಿ?"

"ಇಲ್ಲ ಕಣಜ್ಜಮ್ಮ. ನಿನ್ನಾಣೆ, ನನಗೆ ಗೊತ್ತಿಲ್ಲ."

"ಹೆತ್ತ ಮಗಳು ಮಾಡಿದ್ದು ನಿನಗೆ ಗೊತ್ತಿಲ್ಲ. ನಾವು ನಂಬಬೇಕು."

ಇಸ್ತ್ರಿ ಪೆಟ್ಟಿಗೆ ಎಷ್ಟು ಸಲ ಕರಿಯಕ್ಕನ ಮೈಗೆ ತಾಗಿದೆ, ಈ ಮಾತಿನಷ್ಟು ಯಾವತ್ತೂ ಸುಟ್ಟಿರಲಿಲ್ಲ. ಸುಮ್ಮನೆ ಕೂತರೆ ಮಗಳ ಕೆಲಸ ಉಳಿಯುತ್ತದೆ. ಈ ನಲವತ್ತೊಂದು ಜನ ಸಾಯುವವರೆಗೆ ಅವಳ ಅಂಗಳಕ್ಕೆ ಕಾಲಿಡುವುದಿಲ್ಲ, ಹನ್ನೆರಡು ತಾಸು ನಿಂತು ನಿಂತು ಅವಳನ್ನೇ ಶಪಿಸುತ್ತಾರೆ. ಎದ್ದರೆ ಮಗಳು ಬೀದಿಗೆ ಬೀಳುತ್ತಾಳೆ, ಇಷ್ಟು ಜನರ ಮುಂದೆ ಕಳ್ಳಿಯಾಗುತ್ತಾಳೆ. ಅವಳು ಎಷ್ಟು ಹೊತ್ತು ಯೋಚಿಸಿದಳು? ಮಗಳು ಇನ್ನೂ ಹೆಸರು ಓದುತ್ತಿದ್ದಳು. ಹನ್ನೆರಡೋ ಹದಿಮೂರೋ ಹೆಸರು ಆಗಿತ್ತು.

ಕರಿಯಕ್ಕ ಎದ್ದಳು. ಬ್ಯಾಡ್ಜು ಕಿತ್ತಳು. ಸೀರೆ ಪರ್ರೆಂದಿತು.

"ನಿಲ್ಸು," ಎಂದಳು.

ಅರುಣಾ ನಿಲ್ಲಿಸಿದಳು. ಕರಿಯಕ್ಕ ನಡೆದು ವೇದಿಕೆಯ ಮುಂದೆ ಹೋದಳು. ವಿನಯ್ ಕುಮಾರ್ ಓಡಿ ಬಂದು, "ಆಮೇಲೆ ಮಾತಾಡಾಣ, ಕೂತ್ಕೊಳ್ರಿ ಅಕ್ಕಾರೆ," ಎಂದು ತೋಳು ಹಿಡಿದ.

"ಅಕ್ಕ ಅನ್ಬೇಡ. ನನ್ನ ನಂಬರ್ ಇನ್ನೂರ ಹದಿನಾರು. ಕೈ ಬಿಡು."

ಬಿಟ್ಟ. ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡು ಕೇಳಿದ, "ಏನಮ್ಮ ನಿಮ್ಮ ಸಮಸ್ಯೆ?"

"ಆ ಕಾಗದ ಸುಳ್ಳು ಸ್ವಾಮಿ. ನಾವು ಹನ್ನೆರಡು ತಾಸಿಗೆ ಒಪ್ಪಿಲ್ಲ. ಎಂಟು ತಾಸಿಗೇ ನಮ್ಮ ಉಚ್ಚೆ ಉರಿಯತೈತೆ. ಹತ್ತು ತಾಸು ನಿಂತಿದ್ದಕ್ಕೆ ಆ ಹುಡುಗಿಯ ಬಸಿರು ಇಳೀತು. ನಾವು ಕೊಟ್ಟಿದ್ದು ಮುಯ್ಯಿ. ಬಿತ್ತಾಕೆ ಆರು ದಿನ ರಜೆ ಕೊಡ್ತೀನಿ ಅಂದಿದ್ದ ಇವನು. ಕೇಳ್ರಿ."

"ಈ ಸಹಿ ನಿಮ್ಮದೇ ತಾನೆ?"

"ನಂದೇ."

"ಓದಿ ನೋಡಿ ಸಹಿ ಮಾಡಬೇಕಲ್ಲವೇನಮ್ಮ?"

"ನನಗೆ ಓದಾಕೆ ಬರಲ್ಲ. ಓದಿ ಹೇಳಿದ್ರು. ಓದಿದ್ದು ಒಂದು, ಬರದಿದ್ದು ಒಂದು."

"ಓದಿ ಹೇಳಿದವರು ಯಾರು?"

ಕರಿಯಕ್ಕ ವೇದಿಕೆಯ ಮೇಲೆ ನೋಡಿದಳು. ಅರುಣಾ ಮೈಕನ್ನು ಕೆಳಗಿಟ್ಟು ಅಂಚಿಗೆ ಬಂದು ಬಗ್ಗಿದಳು.

"ಅವ್ವಾ, ನ್ಯಾಮತಿಯಾಗೆ ಎರಡನೇ ಯೂನಿಟ್ ಹಾಕ್ತಾರಂತೆ. ಸಾವಿರ ಜನಕ್ಕೆ ಕೆಲಸ ಸಿಗತೈತೆ. ನೀವು ಒಪ್ದಿದ್ರೆ ಇದನ್ನೂ ಮುಚ್ಚಿ ಬೇರೆ ಕಡೆ ಹೋಗ್ತೀವಿ ಅಂದ್ರು. ಆಗ ನೀವೆಲ್ಲ ಎಲ್ಲಿಗೆ ಹೋಗ್ತಿದ್ರಿ? ನಿಮಗೋಸ್ಕರನೇ ಮಾಡಿದ್ದು ಅವ್ವಾ. ಇದ್ದಂಗೆ ಓದಿದ್ರೆ ನೀನು ಸಹಿ ಹಾಕ್ತಿದ್ಯಾ?"

"ಹಾಕ್ತಿರಲಿಲ್ಲ."

"ಅದಕ್ಕೇ."

ಅದಕ್ಕೇ ಅಂತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದದ್ದು ನಿನ್ನ ಹೊಲದ ಒಳ್ಳೆಯದಕ್ಕೆ ಎಂದೂ ಹೇಳುತ್ತಿತ್ತು. ಕರಿಯಕ್ಕನಿಗೆ ಮಗಳ ಕೆನ್ನೆಗೆ ಬಾರಿಸಬೇಕು ಎನಿಸಿತು. ಅಪ್ಪಿಕೊಂಡು ಅಳಬೇಕು ಎಂದೂ ಎನಿಸಿತು. ಎರಡೂ ಮಾಡಲಿಲ್ಲ. ಅಧಿಕಾರಿಯ ಕಡೆ ತಿರುಗಿದಳು.

"ಓದಿದವಳು ಇವಳೇ ಸ್ವಾಮಿ. ನನ್ನ ಮಗಳು."

ಹಿಂದಿನಿಂದ ಅಜ್ಜಮ್ಮ "ಅಯ್ಯೋ ನಮ್ಮವ್ವಾ" ಎಂದದ್ದು ಕೇಳಿಸಿತು. ವಿನಯ್ ಕುಮಾರ್ ಮೈಕು ಎತ್ತಿಕೊಂಡು ಇದು ಮನೆಯೊಳಗಿನ ಜಗಳ, ಸಭೆಗೆ ಸಂಬಂಧವಿಲ್ಲ ಎಂದ. ಅಧಿಕಾರಿ ಗಡಿಯಾರ ನೋಡಿಕೊಂಡ. "ನೋಡಮ್ಮ, ಬಾಯಿ ಮಾತಿಗೆ ಇಲ್ಲಿ ಬೆಲೆ ಇಲ್ಲ. ಆಕ್ಷೇಪಣೆ ಏನಿದ್ದರೂ ಲಿಖಿತವಾಗಿ ಕೊಡಬೇಕು. ಮಧ್ಯಾಹ್ನ ಊಟಕ್ಕೆ ಮುಂಚೆ. ಇಲ್ಲದಿದ್ದರೆ ಈಗಿರುವ ಕಾಗದವನ್ನೇ ನಾವು ಪರಿಗಣಿಸಬೇಕಾಗುತ್ತದೆ."

ಬರೆದು ಕೊಡಬೇಕಂತೆ. ಇಪ್ಪತ್ತಾರು ದಿನ ನಿಂತ ಕಾಲಿಗೆ ಬೆಲೆ ಇಲ್ಲ, ಬಾಯಿ ಮಾತಿಗೆ ಬೆಲೆ ಇಲ್ಲ, ಹಾಳೆಗೆ ಬೆಲೆ. ಬಾಗಿಲ ಬಳಿ ನಿಂತಿದ್ದ ಮಾಲತೇಶ್ ಕರಿಯಕ್ಕನ ಕಡೆ ನೋಡಿ ನಕ್ಕ. ನಿನಗೆಲ್ಲಿ ಬರೆಯಲು ಬರುತ್ತದೆ ಎಂಬ ನಗು.

"ಕೊಡ್ತೀವಿ," ಎಂದಳು ಕರಿಯಕ್ಕ. "ಅರುಣಾ, ಕೆಳಗಿಳಿ."

ಅರುಣಾ ಇಳಿದಳು. ಕರಿಯಕ್ಕ ಅವಳ ಫೈಲಿನಿಂದಲೇ ಒಂದು ಬಿಳಿ ಹಾಳೆ ಎಳೆದು ವೇದಿಕೆಯ ಅಂಚಿನ ಮೇಲೆ ಹಾಕಿದಳು. "ಬರಿ."

"ಅವ್ವಾ, ನನ್ನ ಕೆಲಸ ಹೋಗತೈತೆ."

"ಬರಿ. ನಾವು ಸೊಕ್ಕೆ ಕಡೆಯ ನಲವತ್ತೆರಡು ಜನ."

ಅರುಣಾ ಬರೆದಳು.

"ಹನ್ನೆರಡು ತಾಸಿಗೆ ನಮ್ಮ ಒಪ್ಪಿಗೆ ಇಲ್ಲ. ರಾತ್ರಿ ಪಾಳಿಗೆ ಒಪ್ಪಿಗೆ ಇಲ್ಲ. ಕೆಲಸ ಬೇಕು. ಎಂಟು ತಾಸಿನ ಕೆಲಸ ಬೇಕು. ನಾವು ಮಾಡಿದ್ದು ಮುಯ್ಯಿ. ಅದನ್ನ ನಮ್ಮ ಒಪ್ಪಿಗೆ ಅಂತ ತೋರಿಸಿದ್ದಾರೆ. ಆ ಕಾಗದವನ್ನ ನಮಗೆ ಸುಳ್ಳು ಓದಿ ಸಹಿ ಹಾಕಿಸಿದ್ದಾರೆ." ಕರಿಯಕ್ಕ ಹಾಳೆಯ ಮೇಲೆ ಬೆರಳಿಟ್ಟಳು. "ಸುಳ್ಳು ಓದಿದವಳು ನನ್ನ ಮಗಳು ಅರುಣಾ."

ಪೆನ್ನು ನಿಂತಿತು.

"ಬರಿ."

"ಅವ್ವಾ..."

"ನಿನ್ನ ಹೆಸರು ಬರಿ. ನನಗೆ ನನ್ನ ಹೆಸರು ಕಲಿಸ್ದೋಳು ನೀನು. ನಿನ್ನ ಹೆಸರು ಬರಿಯಾಕೆ ಬರಲ್ಲೇನು?"

ಅರುಣಾ ಬರೆದಳು. ಕಣ್ಣೀರು ಹಾಳೆಯ ಮೇಲೆ ಬಿತ್ತು. ಕರಿಯಕ್ಕ ತನ್ನ ಸೆರಗಿನಿಂದ ಅದನ್ನು ಒತ್ತಿ ತೆಗೆದಳು, ಅಕ್ಷರ ಕದಡಬಾರದು ಎಂದು. ಹಾಳೆ ಎತ್ತಿಕೊಂಡಳು. ಸಹಿ ಹಾಕಲು ಪೆನ್ನು ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು. ಕಪ್ಪು ಕಪ್ಪು ಸಾಲುಗಳು. ಯಾವುದು ಏನೆಂದು ಅವಳಿಗೆ ತಿಳಿಯದು.

ಮೊದಲನೇ ಸಾಲಿನಲ್ಲಿ ವಿರೂಪಾಕ್ಷಪ್ಪ ಕೂತಿದ್ದ. ಅವಳು ನಡೆದು ಅವನ ಮುಂದೆ ಹೋಗಿ ಹಾಳೆ ಚಾಚಿದಳು.

"ಸಾವ್ಕಾರ್ರೆ, ಇದನ್ನ ಓದ್ರಿ."

ಮುದುಕ ಗಲಿಬಿಲಿಗೊಂಡ. "ನಾನ್ಯಾಕಮ್ಮ? ನಾನು ನಿಮ್ಮ ಕಡೆಯೋನಲ್ಲ."

"ಅದಕ್ಕೇ ಕೊಟ್ಟಿದ್ದು. ಜೋರಾಗಿ ಓದ್ರಿ."

"ಅವ್ವಾ," ಎಂದಳು ಹಿಂದಿನಿಂದ ಅರುಣಾ. "ನೀನು ಹೇಳಿದಂಗೇ ಬರದೀನಿ ಅವ್ವಾ. ನಿನ್ನಾಣೆ."

ಕರಿಯಕ್ಕ ತಿರುಗಿ ನೋಡಲಿಲ್ಲ. ವಿರೂಪಾಕ್ಷಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಒಂದೊಂದೇ ಸಾಲು ಓದಿದ. ನಲವತ್ತೊಂದು ಜನ ಹೆಂಗಸರು ಎದ್ದು ಬಂದು ಸುತ್ತ ನಿಂತು ಕೇಳಿದರು. ಕೊನೆಯ ಸಾಲಿಗೆ ಅವನ ಧ್ವನಿ ಇಳಿಯಿತು. ಆದರೂ ಓದಿದ. ಸುಳ್ಳು ಓದಿದವಳು ನನ್ನ ಮಗಳು ಅರುಣಾ.

"ಅಷ್ಟೇನಾ? ಬ್ಯಾರೆ ಏನೂ ಬರದಿಲ್ವಾ ಅದ್ರಾಗೆ?"

"ಇಲ್ಲಮ್ಮ. ಇಷ್ಟೇ ಐತೆ."

ಕರಿಯಕ್ಕ ಪೆನ್ನನ್ನು ಹಾಳೆಗೆ ಇಡಲಿಲ್ಲ.

"ಇನ್ನೊಂದ್ ಸಲ ಓದ್ರಿ," ಎಂದಳು.